ಬೋರ್‌ವೆಲ್ ಸ್ಟ್ಯಾಂಡಿಗೆ ತೂಗಿದ 407 ಇಂಜಿನ್

ಭಾನುವಾರ ಬೆಳಿಗ್ಗೆ ಏಳಕ್ಕೆ ನಮ್ಮ ಹಿತ್ತಲಿಗೆ ಬಂದ ಮಿಸ್ತ್ರಿ ಚಾಚಾ ಮೊದಲು ಗಾಡಿ ನೋಡಲಿಲ್ಲ, ಬೇವಿನ ಮರ ನೋಡಿದರು. ಹಿಂದಿನ ರಾತ್ರಿಯೇ ನಾವು ಅದರ ದಪ್ಪ ಕೊಂಬೆಗೆ ಗೋಣಿಚೀಲ ಸುತ್ತಿ, ಚೈನ್ ಪುಲ್ಲಿ ಕಟ್ಟಿ ಇಟ್ಟಿದ್ದೆವು. ಶಹಬ್ಬಾಸ್ ಅಂತಾರೆ ಅಂದುಕೊಂಡಿದ್ದೆವು.

"ಇದಕ್ಕ ಜೋಕಾಲಿ ಕಟ್ಟಿ ಆಡ್ರಪಾ. ಇಂಜಿನ್ ಕಟ್ಟಬ್ಯಾಡ್ರಿ" ಅಂದರು.

ಅಣ್ಣನಿಗೆ ಸಿಟ್ಟು ಬಂತು. ಈ ಕೊಂಬೆಗೆ ನಮ್ಮ ಎತ್ತುಗಳನ್ನೇ ಕಟ್ಟುತ್ತಿದ್ದೆವು ಅಂದ. ಚಾಚಾ ನಕ್ಕರು. ಎತ್ತು ನೆಲದ ಮೇಲೆ ನಿಂತಿರುತ್ತದೆ, ಇಂಜಿನ್ ಗಾಳಿಯಲ್ಲಿ ನಿಲ್ಲುತ್ತದೆ, ಅಷ್ಟೇ ಫರಕು ಅಂದರು. ಹಸಿ ಕೊಂಬೆ ಮುರಿಯುವ ಮೊದಲು ಸದ್ದು ಕೊಟ್ಟೇ ಕೊಡುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ಕೊಟ್ಟರೂ ಕೆಳಗಿದ್ದವನಿಗೆ ಏಳುವಷ್ಟು ಪುರುಸೊತ್ತು ಇರುವುದಿಲ್ಲ.

ಇದು ನಮ್ಮ ಮನೆಯ ಟಾಟಾ 407ರ ಕಥೆ. ಆವರಗೆರೆಯಲ್ಲಿ, ಹಳೇ ಪಿ.ಬಿ. ರಸ್ತೆಯಿಂದ ಒಳಗೆ ಬಂದರೆ ಸಿಗುವ ನಮ್ಮ ಮನೆಯ ಹಿತ್ತಲಲ್ಲಿ, ಗುಂಡಿಯಿಲ್ಲ, ಕ್ರೇನಿಲ್ಲ, ಅಂಥಲ್ಲಿ ಇಂಜಿನ್ ಮತ್ತು ಗೇರ್‌ಬಾಕ್ಸ್ ಎರಡನ್ನೂ ಒಟ್ಟಿಗೆ ಇಳಿಸಿದ ಕಥೆ. ಗಾಡಿ ಇಟ್ಟುಕೊಂಡವರು ನಮ್ಮ ಓದುಗರಲ್ಲಿ ಬಹಳ ಮಂದಿ ಇದ್ದೀರಿ. ನಮ್ಮದನ್ನು ನೋಡಿ ನೀವೂ ಮನೆಯಲ್ಲೇ ಇಳಿಸಿ ಅಂತ ಹೇಳುವುದಕ್ಕಲ್ಲ ಇದನ್ನು ಬರೆಯುತ್ತಿರುವುದು. ಬೇಡ ಅಂತ ಹೇಳುವುದಕ್ಕೂ ಅಲ್ಲ. ಆ ದಿನ ನಡೆದದ್ದನ್ನು ನಡೆದಂತೆ ಹೇಳುತ್ತೇವೆ.

407 ಮಾರುಕಟ್ಟೆಗೆ ಬಂದದ್ದು 1986ರಲ್ಲಿ. ನಮ್ಮದು ಅಷ್ಟು ಹಳೆಯದಲ್ಲ, ಆದರೆ ನಮ್ಮ ಕೈಗೆ ಬರುವಾಗ ಮೂರನೇ ಮಾಲೀಕರು ನಾವು. ಇದರ ಇಂಜಿನ್ನಿಗೆ 497 ಅನ್ನುತ್ತಾರೆ. ಈ ನಂಬರಿನ ಅರ್ಥ ಅಣ್ಣನಿಗೆ ಹದಿನೈದು ವರ್ಷ ಸ್ಟೇರಿಂಗ್ ಹಿಡಿದರೂ ಗೊತ್ತಿರಲಿಲ್ಲ, ಚಾಚಾ ಹೇಳಿದರು. ಮೊದಲ ಅಂಕಿ 4 ಅಂದರೆ ನಾಲ್ಕು ಸಿಲಿಂಡರ್, 97 ಅಂದರೆ ಒಂದೊಂದು ಸಿಲಿಂಡರಿನ ಬಾಯಿ 97 ಮಿಲಿಮೀಟರ್. ಹಳೆಯ ದೊಡ್ಡ ಲಾರಿಗಳ 697 ಇಂಜಿನ್ ಅಂದರೆ ಅದೇ ಅಗಲದ ಆರು ಸಿಲಿಂಡರ್. ಇಷ್ಟು ಸರಳ ಲೆಕ್ಕವನ್ನು ಯಾರೂ ಹೇಳಿಕೊಡುವುದಿಲ್ಲ ನೋಡಿ.

ನಮ್ಮ ಗಾಡಿಯ ಕೆಲಸ ಎರಡು ತರಹದ್ದು. ವರ್ಷದ ಹೆಚ್ಚು ದಿನ ದಾವಣಗೆರೆಯ ಭಟ್ಟಿಗಳಿಂದ ಮಂಡಕ್ಕಿ ಲೋಡು. ಮಂಡಕ್ಕಿಗೆ ತೂಕವಿಲ್ಲ, ಚೀಲ ಮಾತ್ರ ಆಕಾಶದೆತ್ತರ. ಗಾಡಿಗೆ ಗಾಳಿಯೊಂದೇ ಭಾರ. ಮೆಕ್ಕೆಜೋಳದ ಸುಗ್ಗಿ ಬಂತೆಂದರೆ ಹೊಲದಿಂದ ಮಾರುಕಟ್ಟೆಗೆ ಜೋಳದ ಟ್ರಿಪ್ಪು. ಇಂಜಿನ್ ಹಾಳಾದದ್ದು ಎರಡನೆಯದರಲ್ಲಿ, ತಪ್ಪು ಪೂರ್ತಿ ನಮ್ಮದು. ಏರ್ ಫಿಲ್ಟರಿನಿಂದ ಇಂಜಿನ್ನಿಗೆ ಹೋಗುವ ರಬ್ಬರ್ ಹೋಸು ಒಂದು ಕಡೆ ಸೀಳಿತ್ತು. ಅಣ್ಣ ಅದಕ್ಕೆ ಸೈಕಲ್ ಟ್ಯೂಬಿನ ತುಂಡು ಸುತ್ತಿ, ತಂತಿ ಬಿಗಿದು, ಇವತ್ತು ನಾಳೆ ಅಂತ ಇಡೀ ಸುಗ್ಗಿ ಓಡಿಸಿದ. ಒಕ್ಕಣೆ ಕಣದ ದೂಳು ಗೊತ್ತಲ್ಲ, ಬಿಳಿ ಅಂಗಿ ಹಾಕಿಕೊಂಡು ಹೋದವರು ಹಳದಿ ಅಂಗಿಯಲ್ಲಿ ಬರುತ್ತಾರೆ. ಆ ದೂಳು ಫಿಲ್ಟರಿಗೆ ಮುಖ ತೋರಿಸದೆ ಸೀಳಿನಿಂದ ನೇರ ಸಿಲಿಂಡರಿಗೆ ಹೋಗಿದೆ. ರಿಂಗು, ಲೈನರು ಎರಡೂ ಅರಗಾಗದದಲ್ಲಿ ಉಜ್ಜಿದಂತೆ ಸವೆದಿವೆ. ಮೊದಲು ಆಯಿಲ್ ಕಡಿಮೆಯಾಗತೊಡಗಿತು. ಆಮೇಲೆ ನೀಲಿ ಹೊಗೆ. ಕೊನೆಗೆ ಆಯಿಲ್ ಮುಚ್ಚಳ ತೆಗೆದರೆ ಬೀಡಿ ಸೇದಿದವರ ಹಾಗೆ ಭುಸ್ ಭುಸ್ ಅಂತ ಹೊಗೆ ಬಿಡುವುದು. ಮಿಸ್ತ್ರಿಗಳು ಇದಕ್ಕೆ ಬ್ಯಾಕ್ ಕಂಪ್ರೆಷನ್ ಅನ್ನುತ್ತಾರೆ. ಆ ಮಾತು ಕೇಳಿದ ಗಾಡಿ ಮಾಲೀಕ ಆ ರಾತ್ರಿ ಊಟ ಮಾಡುವುದಿಲ್ಲ.

ಗ್ಯಾರೇಜಿನವರು ಗಾಡಿ ಬಿಟ್ಟು ಹೋಗಿ, ಸರದಿ ಬಂದಾಗ ನೋಡೋಣ ಅಂದರು. ನಮ್ಮ ಎರಡು ಕಂತು ಬಾಕಿ ಇದ್ದವು, ಮೂರನೆಯದು ಬರುವುದರಲ್ಲಿತ್ತು. ಅಪ್ಪನ ಸ್ನೇಹಿತರಾದ ಚಾಚಾ ನಾಲ್ಕು ದಶಕ ಲಾರಿ ಕೆಲಸ ಮಾಡಿ ಈಗ ಮನೆಯಲ್ಲಿದ್ದಾರೆ. "ಇಳಿಸೋದು, ಏರಿಸೋದು ನೀವು ಮಾಡ್ರಿ, ನಾ ಕುರ್ಚಿ ಮ್ಯಾಲೆ ಕುಂತು ಹೇಳ್ತೀನಿ. ಬ್ಲಾಕ್ ಕೆಲಸ ಹರಿಹರದಾಗ ಮಾಡಿಸೋಣ" ಅಂದರು. ಕೂಲಿ ಉಳಿಯುತ್ತದೆ, ಸರದಿ ಕಾಯುವುದು ತಪ್ಪುತ್ತದೆ. ಹೀಗೆ ನಾವು ಅಣ್ಣ ತಮ್ಮ ಇಬ್ಬರು, ಜೊತೆಗೆ ಐ.ಟಿ.ಐ. ಓದುವ ಅಣ್ಣನ ಮಗ, ಪಾನಾ ಹಿಡಿದು ನಿಂತೆವು.

ಗೇರ್‌ಬಾಕ್ಸನ್ನು ಬೇರೆ, ಇಂಜಿನ್ನನ್ನು ಬೇರೆ ಇಳಿಸುವುದೇ ರೂಢಿ. ಗ್ಯಾರೇಜಿನಲ್ಲಿ ಗುಂಡಿ ಇರುತ್ತದೆ, ಕೆಳಗೆ ನಿಂತು ಗೇರ್‌ಬಾಕ್ಸ್ ಬಿಚ್ಚಿ ಇಳಿಸುತ್ತಾರೆ. ನಮ್ಮ ಹಿತ್ತಲಲ್ಲಿ ಹಾಗೆ ಮಾಡಬೇಕೆಂದರೆ ಯಾರಾದರೂ ಗಾಡಿಯ ಕೆಳಗೆ ಅಂಗಾತ ಮಲಗಿ, ಅಷ್ಟು ಭಾರದ ಕಬ್ಬಿಣವನ್ನು ಎದೆಯ ಮೇಲೆ ಇಳಿಸಿಕೊಳ್ಳಬೇಕು. ಏರಿಸುವಾಗ ಇನ್ನೂ ಕಷ್ಟ. ಗೇರ್‌ಬಾಕ್ಸಿನ ಮುಂದಿನ ಷಾಫ್ಟು ಕ್ಲಚ್ ಪ್ಲೇಟಿನ ಹಲ್ಲುಗಳೊಳಗೆ ಸರಿಯಾಗಿ ಕೂರಬೇಕು. ಕೈ ಸೋತು ಅರ್ಧ ಕೂತದ್ದನ್ನು ಹಾಗೇ ಜೋತು ಬಿಟ್ಟರೆ ಪ್ಲೇಟು ಸೊಟ್ಟಗಾಗುತ್ತದೆ, ಹೊಸ ಪ್ಲೇಟು ಮೊದಲ ದಿನವೇ ಕೆಟ್ಟಂತೆ. ಎರಡನ್ನೂ ಕೂಡಿಸಿಯೇ ಮೇಲೆತ್ತಿದರೆ ಯಾರೂ ಕೆಳಗೆ ಮಲಗುವುದು ಬೇಕಿಲ್ಲ, ಜೋಡಿಸುವ ಕೆಲಸ ನೆಲದ ಮೇಲೆ, ಕಣ್ಣ ಮುಂದೆ. ಬದಲಿಗೆ ತೂಕ ಹೆಚ್ಚು, ಉದ್ದ ಹೆಚ್ಚು. ಎರಡೂ ಸೇರಿ ನಾಲ್ಕು ಕ್ವಿಂಟಾಲ್ ಅಂತ ಲೆಕ್ಕ ಇಟ್ಟುಕೊಳ್ಳಿ ಅಂದರು ಚಾಚಾ. ನಾಲ್ಕು ಚೀಲ ಜೋಳ ಒಂದೇ ಸರಪಳಿಗೆ!

ಮರ ಬೇಡ ಅಂದಮೇಲೆ ಏನು ಮಾಡುವುದು? ಉಪಾಯ ಹೊಳೆದದ್ದು ಹುಡುಗನಿಗೆ. ಬೋರ್‌ವೆಲ್ ಮೋಟರು ಎತ್ತುವವರ ಹತ್ತಿರ ಮೂರು ಕಾಲಿನ ಸ್ಟ್ಯಾಂಡು ಇರುತ್ತದಲ್ಲ! ನೂರಾರು ಅಡಿ ಪೈಪು, ಪೈಪಿನ ತುಂಬ ನೀರು, ತುದಿಯಲ್ಲಿ ಮೋಟರು, ಎಲ್ಲ ಸೇರಿ ಅದಕ್ಕೇ ತೂಗುತ್ತವೆ. ನಮ್ಮ ಇಂಜಿನ್ ಅದರ ಮುಂದೆ ಎಷ್ಟರದು. ಪರಿಚಯದವರು ದಿನಕ್ಕೆ 500 ರೂಪಾಯಿಗೆ ಸ್ಟ್ಯಾಂಡೂ ಪುಲ್ಲಿಯೂ ಕೊಟ್ಟರು. ಟ್ರ್ಯಾಕ್ಟರಿನಲ್ಲಿ ತಂದು, ಎರಡು ಕಾಲು ಬಾನೆಟ್ಟಿನ ಆಚೆ ಈಚೆ, ಒಂದು ಕಾಲು ಗಾಡಿಯ ಮುಂದೆ ಬರುವ ಹಾಗೆ ನಿಲ್ಲಿಸಿದೆವು. ಕಾಲುಗಳು ಅಗಲಕ್ಕೆ ಜಾರದಂತೆ ಬುಡದಲ್ಲಿ ಮೂರಕ್ಕೂ ಸೇರಿಸಿ ಸರಪಳಿ ಕಟ್ಟಿಸಿದರು ಚಾಚಾ. ಒಂದೊಂದು ಕಾಲಿನ ಕೆಳಗೂ ಒಂದೊಂದು ಚಪ್ಪಡಿ ಕಲ್ಲು ಹಾಕಿ ಅಂದರು.

ಚಪ್ಪಡಿ ಎರಡೇ ಸಿಕ್ಕವು. ಮೂರನೆಯದಕ್ಕೆ ಇಟ್ಟಿಗೆ ಇಟ್ಟೆವು. ಚಾಚಾ ಆಗ ಚಹಾ ಕುಡಿಯುತ್ತಿದ್ದರು. ನಾವು ಹೇಳಲಿಲ್ಲ.

ಬಿಚ್ಚುವ ಕೆಲಸ ಬೆಳಗ್ಗೆ ಎಂಟಕ್ಕೆ ಶುರುವಾಗಿ ಮಧ್ಯಾಹ್ನ ಎರಡರವರೆಗೆ ನಡೆಯಿತು. ಮೊದಲು ಹಿಂದಿನ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು. ಗೇರಿನಲ್ಲಿ ನಿಲ್ಲಿಸಿದ್ದೇವೆ ಅಂದರೆ ಸಾಲದು, ಜಾಯಿಂಟ್ ಷಾಫ್ಟ್ ಬಿಚ್ಚಿದ ಕ್ಷಣದಿಂದ ಗೇರಿಗೂ ಚಕ್ರಕ್ಕೂ ಸಂಬಂಧವೇ ಇರುವುದಿಲ್ಲ. ಇದು ನಮಗೆ ಹೊಳೆದೇ ಇರಲಿಲ್ಲ. ಆಮೇಲೆ ಬ್ಯಾಟರಿ, ಅದರಲ್ಲೂ ಮೈನಸ್ ವೈರು ಮೊದಲು. ರೇಡಿಯೇಟರ್ ನೀರು, ಇಂಜಿನ್ ಆಯಿಲ್, ಗೇರ್ ಆಯಿಲ್ ಖಾಲಿ. ಆಯಿಲನ್ನು ಡಬ್ಬಕ್ಕೆ ಹಿಡಿದೆವು, ನೀರನ್ನು ಹಾಗೇ ನೆಲಕ್ಕೆ ಬಿಟ್ಟೆವು. ಇದನ್ನು ನೆನಪಿಡಿ, ಮುಂದೆ ಬರುತ್ತದೆ.

ಬಾನೆಟ್ಟು, ಮುಂದಿನ ಜಾಲರಿ, ರೇಡಿಯೇಟರ್ ಹೊರಬಂದವು. ಡೀಸೆಲ್ ಪೈಪುಗಳ ಬಾಯಿಗೆ ಹುಡುಗ ಹಳೇ ಬನಿಯನ್ ತುರುಕಲು ಹೋದ. ಚಾಚಾ ಕುರ್ಚಿಯಿಂದಲೇ ಗದರಿದರು. ಬಟ್ಟೆಯ ಒಂದು ನೂಲು ಪಂಪಿಗೆ ಹೋದರೆ ಇಂಜಿನ್ನಿನಷ್ಟೇ ದೊಡ್ಡ ಖರ್ಚು, ಪ್ಲಾಸ್ಟಿಕ್ ಕವರು ಸುತ್ತಿ ರಬ್ಬರ್ ಹಾಕು ಅಂದರು. ಆಕ್ಸಿಲೇಟರ್ ಕೇಬಲ್, ಸೆಲ್ಫಿನ ವೈರು, ಡೈನಮೋ ವೈರು, ಬ್ರೇಕಿಗೆ ಹೋಗುವ ವ್ಯಾಕ್ಯೂಮ್ ಪೈಪು, ಸೈಲೆನ್ಸರ್ ಪೈಪು, ಕ್ಲಚ್ಚಿನ ಸಿಲಿಂಡರು, ಸ್ಪೀಡೋಮೀಟರ್ ಕೇಬಲ್, ಗೇರ್ ರಾಡು. ಪ್ರತಿಯೊಂದು ಬಿಚ್ಚುವ ಮೊದಲೂ ಮೊಬೈಲಿನಲ್ಲಿ ಒಂದು ಫೋಟೊ. ಇದು ಮಾತ್ರ ನಮ್ಮ ಸ್ವಂತ ಬುದ್ಧಿ, ಚಾಚಾಗೂ ಇಷ್ಟವಾಯಿತು. ಬಿಚ್ಚಿದ ಬೋಲ್ಟುಗಳನ್ನು ಆಗುವಷ್ಟು ಮಟ್ಟಿಗೆ ಅದೇ ತೂತಿಗೆ ಎರಡು ಸುತ್ತು ತಿರುಗಿಸಿ ಬಿಟ್ಟೆವು. ಉಳಿದವನ್ನು ಅವ್ವನ ಮಸಾಲೆ ಡಬ್ಬಿಗಳಲ್ಲಿ ಹಾಕಿ, ಮೇಲೆ ಚೀಟಿ ಅಂಟಿಸಿದೆವು. ಅವ್ವ ಆ ಡಬ್ಬಿಗಳನ್ನು ಇವತ್ತಿಗೂ ವಾಪಸು ತೆಗೆದುಕೊಂಡಿಲ್ಲ.

ಜಾಯಿಂಟ್ ಷಾಫ್ಟ್ ಬಿಚ್ಚುವ ಮೊದಲು ಎರಡೂ ಬಿಲ್ಲೆಗಳ ಅಂಚಿಗೆ ಉಳಿಯಿಂದ ಒಂದೊಂದು ಗೆರೆ ಹೊಡೆಸಿದರು. ಮತ್ತೆ ಕೂಡಿಸುವಾಗ ಗೆರೆಗೆ ಗೆರೆ ಸೇರಬೇಕು. ಇಲ್ಲದಿದ್ದರೆ ವೇಗ ಹೋದಂತೆ ಗಾಡಿ ನಡುಗುತ್ತದೆ, ಎಲ್ಲಿಂದ ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಕೊನೆಗೆ ಫೌಂಡೇಷನ್ ಬೋಲ್ಟುಗಳು. ಇಂಜಿನ್ ಚಾಸಿಯ ಮೇಲೆ ಕೂರುವ ರಬ್ಬರು ಗಟ್ಟಿಗಳ ಬೋಲ್ಟು. ಅದಕ್ಕೂ ಮೊದಲು ಸರಪಳಿ ಕಟ್ಟಿ ಸ್ವಲ್ಪ ಬಿಗಿದು, ಭಾರವನ್ನು ಪುಲ್ಲಿಗೆ ಕೊಡಬೇಕು. ಮುಂದಿನ ಕೊಕ್ಕೆಗೆ ಸರಪಳಿ ಗಿಡ್ಡ, ಹಿಂದಿನದಕ್ಕೆ ಉದ್ದ. ಆಗ ಇಂಜಿನ್ನಿನ ಮೂತಿ ಮೇಲೆದ್ದು, ಗೇರ್‌ಬಾಕ್ಸಿನ ಬಾಲ ಕೆಳಗಾಗಿ, ಓರೆಯಾಗಿ ಹೊರಬರುತ್ತದೆ. ಬಾಲದ ಕೆಳಗೆ ಆಸರೆಗೆ ಒಂದು ಮರದ ದಿಮ್ಮಿ ಇಟ್ಟೆವು. ಬಾಲಕ್ಕೆ ಹಗ್ಗ ಕಟ್ಟಿ, ಹುಡುಗ ಹೊರಗಡೆ ನಿಂತು ಎಳೆದು ದಾರಿ ತೋರಿಸಬೇಕು, ಕೈ ಹಾಕಬಾರದು ಅಂತ ಮಾತಾಯಿತು.

ಅಣ್ಣ ಪುಲ್ಲಿಯ ಸರಪಳಿ ಎಳೆಯತೊಡಗಿದ. ಕಟ ಕಟ ಕಟ. ಇಂಜಿನ್ ನಾಲ್ಕು ಬೆರಳು ಎದ್ದಿತು. ಆಮೇಲೆ ಇಂಜಿನ್ ಏಳುವುದು ನಿಂತು ಗಾಡಿಯ ಮುಂಭಾಗವೇ ಏಳತೊಡಗಿತು. ಭಾರ ಇಳಿದಿದ್ದಕ್ಕೆ ಕಮಾನು ಪಟ್ಟಿ ಎದ್ದಿದೆ ಅಂದುಕೊಂಡು ಅಣ್ಣ ಇನ್ನೂ ಎರಡು ಎಳೆತ ಎಳೆದ. "ಎಲ್ಲೋ ಹಿಡಕಂಡೈತಿ" ಅಂದ ಹುಡುಗ. ಅಂದವನೇ ಹಗ್ಗ ಬಿಟ್ಟು ಗಾಡಿಯ ಕೆಳಗೆ ತೂರಿದ.

ನಾವು ನೋಡಿದೆವು. ಯಾರೂ ಬೇಡ ಅನ್ನಲಿಲ್ಲ. ನಿಜ ಹೇಳಬೇಕೆಂದರೆ, ಬೇಗ ನೋಡಿ ಹೇಳಲಿ ಅಂತಲೇ ಕಾಯುತ್ತಿದ್ದೆವು.

ಎಪ್ಪತ್ತು ದಾಟಿದ ಚಾಚಾ ಕುರ್ಚಿಯಿಂದ ಹೇಗೆ ಎದ್ದರೋ ಗೊತ್ತಿಲ್ಲ. ಹುಡುಗನ ಎರಡೂ ಪಾದ ಹಿಡಿದು, ಮೀನು ಎಳೆದ ಹಾಗೆ ದರದರ ಎಳೆದು ಹೊರಗೆ ಹಾಕಿದರು. ಅವನ ಬೆನ್ನು ಕಲ್ಲಿಗೆ ಉಜ್ಜಿ ರಕ್ತ ಬಂತು. "ಏನ್ ಚಾಚಾ" ಅಂತ ಅವನು ಬಾಯಿ ತೆಗೆಯುವುದರೊಳಗೆ ಟಪ್ ಅಂತ ಇಟ್ಟಿಗೆ ಒಡೆಯಿತು. ಬಲಗಡೆಯ ಕಾಲು ಒಂದು ಗೇಣು ನೆಲದೊಳಗೆ ಇಳಿಯಿತು. ಸ್ಟ್ಯಾಂಡಿನ ತಲೆ ವಾಲಿತು, ಇಂಜಿನ್ ಬಲಕ್ಕೆ ತಿರುಚಿಕೊಂಡು ಚಾಸಿಗೆ ಬಡಿಯಿತು, ಗೇರ್‌ಬಾಕ್ಸಿನ ಬಾಲ ಧಡ್ಡನೆ ಕುಸಿಯಿತು. ಅದರ ಕೆಳಗಿದ್ದ ದಿಮ್ಮಿ ಸಿಡಿದು ಹಿಂದಿನ ಚಕ್ರಕ್ಕೆ ಹೋಗಿ ಬಡಿಯಿತು. ಹುಡುಗನ ತಲೆ ಇದ್ದದ್ದು ಆ ದಿಮ್ಮಿಯ ಪಕ್ಕದಲ್ಲಿ.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಪಕ್ಕದ ಮನೆಯ ಟಿ.ವಿ. ಸದ್ದು ಮಾತ್ರ ಕೇಳುತ್ತಿತ್ತು.

ಆದದ್ದು ಇಷ್ಟು. ಹಿಂದಿನ ಫೌಂಡೇಷನ್ನಿನ ಒಂದು ಬೋಲ್ಟು ಬಿಚ್ಚುವುದೇ ಮರೆತಿದ್ದೆವು. ಅದು ಇಂಜಿನ್ನನ್ನು ಚಾಸಿಗೆ ಹಿಡಿದುಕೊಂಡಿತ್ತು. ನಾವು ಎಳೆದಷ್ಟೂ ಇಂಜಿನ್ನಿನ ತೂಕದ ಜೊತೆ ಗಾಡಿಯ ಮೂತಿಯ ತೂಕವೂ ಆ ಮೂರು ಕಾಲುಗಳ ಮೇಲೆ ಬಿತ್ತು. ನಮ್ಮದು ಎರೆ ಮಣ್ಣು. ಬೆಳಿಗ್ಗೆ ನೆಲಕ್ಕೆ ಬಿಟ್ಟ ರೇಡಿಯೇಟರ್ ನೀರು ಇಳಿಜಾರು ಹಿಡಿದು ಬಲಗಡೆ ಹೋಗಿ, ಇಟ್ಟಿಗೆ ಇಟ್ಟಿದ್ದ ಕಾಲಿನ ಬುಡದಲ್ಲೇ ಇಂಗಿತ್ತು. ಮೂರು ತಪ್ಪು, ಒಂದೊಂದೂ ಸಣ್ಣದು.

ಇಲ್ಲಿ ಒಂದು ಮಾತು ಹೇಳಲೇಬೇಕು. ನಾವು ಜಿಲ್ಲೆಯಿಂದ ಸುದ್ದಿ ಕಳಿಸುವವರು. ಕೆಲವು ವರ್ಷಗಳ ಹಿಂದೆ, ಗಾಡಿ ರಿಪೇರಿ ಮಾಡುವಾಗ ಜಾಕ್ ಜಾರಿ ಒಬ್ಬ ಕ್ಲೀನರ್ ತೀರಿಕೊಂಡ ಸುದ್ದಿಯನ್ನು ನಾವೇ ಕಳಿಸಿದ್ದೆವು. ಐದು ಸಾಲು ಬಂದಿತ್ತು. ಜಾಕ್ ಆಕಸ್ಮಿಕವಾಗಿ ಜಾರಿ, ವಾಹನದಡಿ ಸಿಲುಕಿ, ಸ್ಥಳದಲ್ಲೇ, ಪ್ರಕರಣ ದಾಖಲಾಗಿದೆ. ಠಾಣೆಗೆ ಫೋನು ಮಾಡಿ ಹೆಸರು, ವಯಸ್ಸು ಬರೆದುಕೊಂಡೆವು, ಅಷ್ಟೇ. ಜಾಕಿನ ಕೆಳಗೆ ಏನಿತ್ತು, ನೆಲ ಹಸಿ ಇತ್ತಾ, ಚಕ್ರಕ್ಕೆ ಕಲ್ಲು ಕೊಟ್ಟಿದ್ದರಾ, ಕೆಳಗೆ ಹೋಗು ಅಂತ ಹೇಳಿದವರು ಯಾರು, ಯಾವುದನ್ನೂ ಕೇಳಲಿಲ್ಲ. ಕೇಳಬೇಕು ಅನ್ನುವುದು ಗೊತ್ತೂ ಇರಲಿಲ್ಲ. ಆ ಭಾನುವಾರ ನಮ್ಮ ಹಿತ್ತಲಲ್ಲಿ ಹೆಚ್ಚುಕಡಿಮೆ ಆಗಿದ್ದರೆ ಬೇರೆ ಯಾರೋ ನಮ್ಮ ಬಗ್ಗೆ ಅದೇ ಐದು ಸಾಲು ಬರೆಯುತ್ತಿದ್ದರು. ಆಕಸ್ಮಿಕವಾಗಿ ಅನ್ನುವ ಪದವೂ ಇರುತ್ತಿತ್ತು. ಇಟ್ಟಿಗೆಯ ಮಾತು ಬರುತ್ತಿರಲಿಲ್ಲ.

ಚಾಚಾ ಬೈಯಲಿಲ್ಲ. ಒಡೆದ ಇಟ್ಟಿಗೆಯ ಚೂರು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಇದನ್ನ ಯಾರ್ ಇಟ್ಟಿದ್ದು?" ಅಂದರು. ಅಣ್ಣ "ನಾವೇ" ಅಂದ. "ಊಟ ಮಾಡ್ರಿ. ಉಂಡು ಒಂದು ತಾಸು ಮಲಗ್ರಿ. ಆಮ್ಯಾಲೆ ನೋಡೋಣ" ಅಂದರು. ಅವ್ವ ರೊಟ್ಟಿ ಬಡಿಯುತ್ತಿದ್ದವಳು ಹೊರಗೆ ಬಂದು ಹುಡುಗನ ಬೆನ್ನು ನೋಡಿದಳು. ಅರಿಶಿನ ಹಚ್ಚಿದಳು. ಏನಾಯಿತು ಅಂತ ಕೇಳಲಿಲ್ಲ, ನಾವೂ ಹೇಳಲಿಲ್ಲ. ರಾತ್ರಿ ಅವಳಿಗೆ ಗೊತ್ತಾಯಿತು, ಹೇಗೋ ಗೊತ್ತಿಲ್ಲ. ನಮ್ಮಿಬ್ಬರ ಜೊತೆ ಎರಡು ದಿನ ಮಾತಾಡಲಿಲ್ಲ.

ಮಧ್ಯಾಹ್ನದ ಮೇಲೆ ಪಕ್ಕದ ಬಟ್ಟೆ ಒಗೆಯುವ ಕಲ್ಲನ್ನೇ ಕೇಳಿ ತಂದೆವು. ಸರಪಳಿ ಸಡಿಲಿಸಿ ಇಂಜಿನ್ನನ್ನು ಮತ್ತೆ ಅದರ ಜಾಗದಲ್ಲೇ ಕೂರಿಸಿ, ಹಸಿ ಮಣ್ಣು ಅಗೆದು ಜಲ್ಲಿ ತುಂಬಿ ಗುದ್ದಿ, ಸ್ಟ್ಯಾಂಡನ್ನು ಹೊಸದಾಗಿ ನಿಲ್ಲಿಸಿದೆವು. ಉಳಿದಿದ್ದ ಬೋಲ್ಟನ್ನು ಅಣ್ಣ ಪಕ್ಕದಿಂದ ಕೈ ಹಾಕಿ ಬಿಚ್ಚಿದ. ಈ ಸಲ ಇಂಜಿನ್ ಎದ್ದಿತು ನೋಡಿ, ತೊಟ್ಟಿಲು ಎದ್ದ ಹಾಗೆ. ಇಂಜಿನ್ ಮೇಲೆ ತೂಗುತ್ತಿರಲು ಚಕ್ರದ ಕಲ್ಲು ತೆಗೆದು, ನಾಲ್ಕು ಜನ ಸೇರಿ ಗಾಡಿಯನ್ನೇ ನಿಧಾನ ಹಿಂದಕ್ಕೆ ತಳ್ಳಿದೆವು. ಇಂಜಿನ್ನನ್ನು ಹೊರಗೆ ತೆಗೆಯಲಿಲ್ಲ, ಗಾಡಿಯನ್ನು ಅದರ ಕೆಳಗಿನಿಂದ ತೆಗೆದೆವು. ಅದನ್ನು ನೋಡಲು ಓಣಿಯ ಮಕ್ಕಳೆಲ್ಲ ಕಾಂಪೌಂಡ್ ಹತ್ತಿ ಕೂತಿದ್ದರು. ಎರಡು ಹಳೇ ಟೈರುಗಳ ಮೇಲೆ ಇಂಜಿನ್ ಇಳಿಸಿದಾಗ ಸಂಜೆ ಆರು. ಮಂಡಕ್ಕಿ ಮಿರ್ಚಿ ತರಿಸಿದೆವು. ಹುಡುಗ ತಿನ್ನಲಿಲ್ಲ. ಅವನ ಕೈ ಆಗ ನಡುಗತೊಡಗಿತ್ತು, ನಾಲ್ಕು ತಾಸಿನ ಮೇಲೆ.

ಮಾರನೇ ದಿನ ಗೇರ್‌ಬಾಕ್ಸ್ ಬೇರೆ ಮಾಡಿ, ಇಂಜಿನ್ ಬಿಚ್ಚಿ, ಬ್ಲಾಕು ಮತ್ತು ಕ್ರ್ಯಾಂಕನ್ನು ಆಪೆ ಆಟೋದಲ್ಲಿ ಹರಿಹರಕ್ಕೆ ಒಯ್ದೆವು. ಲೇತ್ ಕೆಲಸಕ್ಕೆ ದಾವಣಗೆರೆಯಲ್ಲೇ ಅಂಗಡಿಗಳಿವೆ, ಆದರೆ ಚಾಚಾಗೆ ಹರಿಹರವೇ ಆಗಬೇಕು. ಅದಕ್ಕೆ ಕಾರಣವೂ ಇದೆ. 1941ರಲ್ಲಿ ಅಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳನ್ನೇ ತಯಾರಿಸುತ್ತಿತ್ತು. ಕಾರ್ಖಾನೆ ಬಾಗಿಲು ಹಾಕಿ ಎರಡು ದಶಕ ದಾಟಿತು. ಅಲ್ಲಿ ಕೈ ಪಳಗಿಸಿಕೊಂಡವರು, ಅವರ ಕೈಕೆಳಗೆ ಕಲಿತವರು ಊರಲ್ಲಿ ಇನ್ನೂ ಇದ್ದಾರೆ. ನಾವು ಹೋದ ಅಂಗಡಿಯಲ್ಲಿ ಒಂದು ಮೂಲೆಯಲ್ಲಿ ಹಸಿರು ಬಣ್ಣ ಕಿತ್ತುಹೋದ ಕಿರ್ಲೋಸ್ಕರ್ ಲೇತ್ ತಿರುಗುತ್ತಲೇ ಇತ್ತು. ಅದರ ಯಜಮಾನರು ಕ್ರ್ಯಾಂಕಿಗೆ ಮೈಕ್ರೋಮೀಟರ್ ಹಿಡಿದು, ಕನ್ನಡಕ ಹಣೆಗೇರಿಸಿ, "ಹತ್ತು ಸೈಜಿಗೆ ಬರ್ತತಿ" ಅಂದರು. ಹತ್ತು ಅಂದರೆ ಇಂಚಿನ ಸಾವಿರದಲ್ಲಿ ಹತ್ತು ಪಾಲು, ಮಿಲಿಮೀಟರಿನ ಕಾಲು ಭಾಗ. ಅಷ್ಟು ಉಜ್ಜಿ ನುಣುಪು ಮಾಡಿ, ಅದಕ್ಕೆ ತಕ್ಕ ಬೇರಿಂಗ್ ಹಾಕಬೇಕು. ಲೈನರು ನಾಲ್ಕೂ ಹೊಸವು, ಪಿಸ್ಟನ್ನೂ ಹೊಸವು. ಹಳೇ ಲೈನರಿನ ಮೇಲ್ಭಾಗಕ್ಕೆ ಅವರು ನಮ್ಮ ಉಗುರು ತಾಗಿಸಿ ತೋರಿಸಿದರು. ಉಗುರು ಸಿಕ್ಕಿಕೊಳ್ಳುವಷ್ಟು ಮೆಟ್ಟಿಲು ಬಿದ್ದಿತ್ತು. ಅದು ನಮ್ಮ ಸೈಕಲ್ ಟ್ಯೂಬಿನ ಕೆಲಸ.

ಬ್ಲಾಕು ವಾಪಸು ಬರಲು ಒಂಬತ್ತು ದಿನ ಹಿಡಿಯಿತು. ಜೋಡಿಸುವುದಕ್ಕೆ ಮೂರು ದಿನ. ಕ್ಲಚ್ ಪ್ಲೇಟು ಹೊಸದು ಹಾಕಿ, ನೆಲದ ಮೇಲೆಯೇ ಗೇರ್‌ಬಾಕ್ಸನ್ನು ಇಂಜಿನ್ನಿಗೆ ಕೂಡಿಸಿದೆವು. ಎರಡನೇ ಸಲಕ್ಕೇ ಷಾಫ್ಟು ಮೆತ್ತಗೆ ಒಳಗೆ ಹೋಯಿತು. ಗಾಡಿಯ ಕೆಳಗೆ ಮಲಗಿ ಈ ಕೆಲಸ ಮಾಡಿದ್ದರೆ ಅರ್ಧ ದಿನ ಹೋಗುತ್ತಿತ್ತು ಅಂದರು ಚಾಚಾ. ಒಟ್ಟಿಗೆ ಇಳಿಸಿದ್ದರ ಲಾಭ ಅಲ್ಲಿ ಕಂಡಿತು.

ಏರಿಸುವ ದಿನ ಸ್ಟ್ಯಾಂಡಿನ ಮೂರು ಕಾಲಿನ ಕೆಳಗೂ ಹುಡುಗನೇ ಕಲ್ಲು ಇಟ್ಟ. ಇಟ್ಟು, ಒಂದೊಂದರ ಮೇಲೂ ಹತ್ತಿ ಕುಣಿದು ನೋಡಿದ. ಗಾಡಿಯ ಕೆಳಗೆ ಯಾರೂ ಹೋಗದಂತೆ ಎರಡೂ ಪಕ್ಕಕ್ಕೆ ಮಂಡಕ್ಕಿ ಚೀಲ ಹೊಲಿಯುವ ದಾರ ಕಟ್ಟಿದ. ದಾರ ಯಾರನ್ನು ತಡೆಯುತ್ತದೆ ಅಂತ ಅಣ್ಣ ನಕ್ಕ. ಆದರೆ ದಾರ ದಾಟಲಿಲ್ಲ.

ಎಲ್ಲ ಮುಗಿದ ಮೇಲೆ ಒಂದು ಬೋಲ್ಟು ಉಳಿಯಿತು. ಎಲ್ಲ ಫೋಟೊ ನೋಡಿದೆವು, ಎಲ್ಲ ಡಬ್ಬಿಯ ಚೀಟಿ ಓದಿದೆವು. ರಾತ್ರಿ ಹನ್ನೊಂದರವರೆಗೆ ಟಾರ್ಚ್ ಹಿಡಿದು ಹುಡುಕಿದಾಗ, ಮುಂದಿನ ಜಾಲರಿಯ ಎಡಗಡೆಯ ತೂತು ಖಾಲಿ ಕಂಡಿತು. ಏರ್ ಫಿಲ್ಟರಿಗೆ ಹೊಸ ಹೋಸು, ಎರಡೂ ತುದಿಗೆ ಹೊಸ ಕ್ಲಿಪ್ಪು ಹಾಕಿದ್ದೇವೆ. ಬುಧವಾರ ರಾತ್ರಿ ಅಣ್ಣ ಶಿವಮೊಗ್ಗಕ್ಕೆ ಮಂಡಕ್ಕಿ ಲೋಡು ಒಯ್ದ. ಹೊಸ ಇಂಜಿನ್ನು, ನಲವತ್ತು ದಾಟಿಸಬೇಡ ಅಂತ ಚಾಚಾ ಫೋನು ಮಾಡಿ ಹೇಳಿದರು. ಒಂದು ಕಂತು ಕಟ್ಟಿದ್ದೇವೆ, ಎರಡು ಬಾಕಿ ಇವೆ.